ನಳ ಬರುವ ಮೊದಲು ಉಕ್ಕಿದ ಹಾಲು

ಕಾಚಿಗುಡದಲ್ಲಿ ನಾವಿದ್ದದ್ದು ಒಂದು ಪೋರ್ಷನ್ನಿನಲ್ಲಿ. ಹಳೆಯ ಮನೆಯನ್ನು ಹೋಳು ಹೋಳು ಮಾಡಿ ಬಾಡಿಗೆಗೆ ಕೊಟ್ಟರೆ ಒಂದೊಂದು ಹೋಳಿಗೆ ಹೈದರಾಬಾದಿನಲ್ಲಿ ಹಾಗೆನ್ನುತ್ತಾರೆ. ನಮ್ಮ ಪಾಲಿಗೆ ಎರಡು ಕೋಣೆ, ಮತ್ತೆ ಮಧ್ಯಾಹ್ನವೂ ದೀಪ ಹಾಕಿಕೊಳ್ಳಬೇಕಾದ ಒಂದು ಅಡುಗೆಮನೆ ಬಂದಿದ್ದವು. ನಳ ಅಂಗಳದಲ್ಲಿತ್ತು, ಎಲ್ಲ ಪೋರ್ಷನ್ನಿನವರಿಗೂ ಸೇರಿ ಒಂದೇ. ನೀರು ದಿನ ಬಿಟ್ಟು ದಿನ ಬರುತ್ತಿತ್ತು. ಬಂದ ದಿನ ಕೊಡಗಳ ಪಾಳಿ, ಪಾಳಿಯ ಜೊತೆಗೆ ಜಗಳ. ನಾನು ನಾಂಪಲ್ಲಿಯ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆ, ನಮ್ಮ ಮನೆಯವರು ಸಿಕಂದರಾಬಾದಿನಲ್ಲಿ ಔಷಧಿ ಅಂಗಡಿಗಳಿಗೆ ಮಾಲು ಕಳಿಸುವ ಏಜೆನ್ಸಿಯಲ್ಲಿ ಲೆಕ್ಕ ಬರೆಯುವವರು. ನಾವಿಬ್ಬರೂ ಬಸ್ಸು ಹಿಡಿದು ಹೋದ ಮೇಲೆ ಪಾಳಿ ಹಿಡಿಯುತ್ತಿದ್ದದ್ದು ಅತ್ತೆ.

ಅತ್ತೆ ಕಲಬುರಗಿಯಲ್ಲಿ ಮದುವೆಯಾಗಿ ಬಂದ ದಿನದಿಂದಲೂ ಬಾಡಿಗೆ ಮನೆಗಳಲ್ಲೇ ಬಾಳಿದವರು. ಮಾವನವರ ಕೆಲಸ ವರ್ಗಾವಣೆಯದು. ವರ್ಗಾವಣೆ ಇಲ್ಲದ ವರ್ಷ ಮನೆಯ ಮಾಲೀಕ ಬಂದು ಮಗಳ ಮದುವೆ ಅಂತಲೋ, ಮಗ ಬರುತ್ತಾನೆ ಅಂತಲೋ ಖಾಲಿ ಮಾಡಿಸುತ್ತಿದ್ದ. ಮಾವನವರು ತೀರಿಕೊಂಡ ಮೇಲೆ ಅವರು ನಮ್ಮ ಜೊತೆ ಹೈದರಾಬಾದಿಗೆ ಬಂದರು. ಇಲ್ಲಿಯೂ ಅದೇ ಕಥೆ. ಅವರಿಗೆ ದೊಡ್ಡ ಆಸೆಗಳಿರಲಿಲ್ಲ. ನಳದ ಮುಂದೆ ಕೊಡವಿಟ್ಟು ನಿಂತು ಬಂದ ದಿನ ಸೊಂಟ ಹಿಡಿದುಕೊಂಡು ಕೂತು ಒಂದೇ ಮಾತು ಹೇಳುತ್ತಿದ್ದರು.

"ನಮ್ಮ ಮನ್ಯಾಗ, ನನ್ನ ನಳ ನಾನ ತಿರುವಿ, ಒಂದು ತಂಬಗಿ ನೀರು ಕುಡೀಬೇಕು ನೋಡವಾ. ಅಷ್ಟಾದ್ರ ಸಾಕು."

ನಾವು ಫ್ಲ್ಯಾಟು ಕೊಳ್ಳಲು ಹೊರಟದ್ದು ಈ ಒಂದು ತಂಬಿಗೆ ನೀರಿಗೆ ಎಂದರೆ ಈಗಿನವರು ನಗುತ್ತಾರೆ. ನಗಲಿ.

ಗಚ್ಚಿಬೌಲಿ ಕಡೆ ಬಂಡೆಗಳನ್ನು ಒಡೆದು ಗಾಜಿನ ಕಟ್ಟಡ ಎಬ್ಬಿಸುತ್ತಿದ್ದ ಕಾಲ ಅದು. ಐಟಿ ಕಂಪನಿಗಳು ಬರುತ್ತಿವೆ, ಇನ್ನೂ ಬರುತ್ತವೆ ಎಂಬ ಸುದ್ದಿಗೇ ನೆಲದ ಬೆಲೆ ಏರುತ್ತಿತ್ತು. ನಮ್ಮಂಥ ಗುಮಾಸ್ತರಿಗೂ ಆ ಹುಚ್ಚು ಹತ್ತಿತು. ಸಾಲ ಕೊಡಲು ಬ್ಯಾಂಕಿನವರೇ ನಮ್ಮ ಕಚೇರಿಯ ವರಾಂಡದಲ್ಲಿ ಮೇಜು ಹಾಕಿಕೊಂಡು ಕೂತಿದ್ದರು. ಸಂಬಳದ ಚೀಟಿ ತೋರಿಸಿದರೆ ಚಹಾ ಕೊಟ್ಟು ಮಾತಾಡಿಸುತ್ತಿದ್ದರು. ನನ್ನ ಸರ್ವಿಸಿನಲ್ಲಿ ನನಗೆ ಯಾರಾದರೂ ಕುರ್ಚಿ ಎಳೆದು ಕೊಟ್ಟದ್ದು ಆಗಲೇ.

ಗಚ್ಚಿಬೌಲಿ ದಾಟಿ, ರಸ್ತೆ ಮುಗಿದು ಧೂಳು ಶುರುವಾಗುವಲ್ಲಿ ಒಂದು ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯಲ್ಲಿ ಫ್ಲ್ಯಾಟು ಹಿಡಿದೆವು. ಹಿಡಿದಾಗ ಮಹಡಿಯೇ ಇರಲಿಲ್ಲ, ಕಂಬಗಳಿದ್ದವು. ಸಾಲದ ಹಣ ನಮ್ಮ ಕೈಗೆ ಬರುವುದಿಲ್ಲ. ಒಂದು ಸ್ಲ್ಯಾಬ್ ಹಾಕಿದರೆ ಇಷ್ಟು, ಗೋಡೆ ಎದ್ದರೆ ಇಷ್ಟು, ಪ್ಲಾಸ್ಟರ್ ಆದರೆ ಇಷ್ಟು ಎಂದು ಬ್ಯಾಂಕು ನೇರ ಬಿಲ್ಡರನಿಗೇ ಕಳಿಸುತ್ತದೆ. ಕೊನೆಯ ದೊಡ್ಡ ಕಂತು ಮಾತ್ರ ಮನೆ ಪೂರ್ತಿ ಮುಗಿದು ನಾವು ಒಳಗೆ ಹೋದ ಮೇಲೆ. ಅಲ್ಲಿಯವರೆಗೆ ನಾವು ಬರೀ ಬಡ್ಡಿ ಕಟ್ಟಿದರೆ ಸಾಕು. ಒಳಗೆ ಹೋದ ಮೇಲೆ ಪೂರ್ತಿ ಇಎಂಐ, ಅಷ್ಟೊತ್ತಿಗೆ ಬಾಡಿಗೆ ಉಳಿಯುತ್ತದಲ್ಲ. ವರಾಂಡದ ಮೇಜಿನವನು ಇದನ್ನು ಹೇಳಿದಾಗ ನಮ್ಮ ಮನೆಯವರು ಮನಸ್ಸಿನಲ್ಲೇ ಕೂಡಿಸಿ ಕಳೆದು ತಲೆಯಾಡಿಸಿದರು. ಕಾಗದದ ಮೇಲೆ ಅದರಲ್ಲಿ ತಪ್ಪೇನೂ ಇರಲಿಲ್ಲ.

ಆಮೇಲೆ ಪ್ರತಿ ಭಾನುವಾರ ಬುತ್ತಿ ಕಟ್ಟಿಕೊಂಡು, ಬಸ್ಸು ಬದಲಿಸಿ, ನಮ್ಮ ಮನೆ ಎಷ್ಟು ಎತ್ತರ ಆಗಿದೆ ಎಂದು ನೋಡಲು ಹೋಗುವುದೇ ನಮ್ಮ ಸಿನೆಮಾ, ನಮ್ಮ ಜಾತ್ರೆ. ಅಲ್ಲಿ ಗಾರೆ ಕೆಲಸಕ್ಕೆ ಯಾದಗಿರಿ ಕಡೆಯ ಗಂಡ ಹೆಂಡತಿ ಇದ್ದರು, ಕಟ್ಟಡದ ಕೆಳಗೇ ತಗಡಿನ ಗುಡಿಸಲು ಹಾಕಿಕೊಂಡು. ಆ ಹೆಣ್ಣುಮಗಳು ನಮ್ಮ ಮಾತು ಕೇಳಿ, "ಯಾವೂರ್ರಿ ಯವ್ವಾ ನಿಮ್ದು?" ಎಂದು ಬಂದವಳು ಅತ್ತೆಗೆ ಅಂಟಿಕೊಂಡೇಬಿಟ್ಟಳು. ಅತ್ತೆ ಅವಳಿಗೆ ಜೋಳದ ರೊಟ್ಟಿ ಒಯ್ಯುತ್ತಿದ್ದರು, ಅವಳು ಅತ್ತೆಯ ಕೈ ಹಿಡಿದು ಕಂಬಿ ಹಾಕದ ಮೆಟ್ಟಿಲು ಹತ್ತಿಸುತ್ತಿದ್ದಳು.

ಗೋಡೆ ಎದ್ದವು, ಪ್ಲಾಸ್ಟರ್ ಆಯಿತು. ಆಗ ಕೆಲಸ ನಿಧಾನವಾಯಿತು. ಆ ವರ್ಷ ಆಷಾಢ ಹತ್ತಿರ ಬಂದಿತ್ತು. ಆಷಾಢದಲ್ಲಿ ಯಾರೂ ಹೊಸ ಮನೆ ಹೊಗುವುದಿಲ್ಲ. ಅದು ಮುಗಿದ ಬೆನ್ನಿಗೇ ಶುಕ್ರ ಅಸ್ತ. ಇಲ್ಲಿನ ತೆಲುಗರು ಅದಕ್ಕೆ ಮೂಢಂ ಎನ್ನುತ್ತಾರೆ, ಮೂಢಂ ಬಂತೆಂದರೆ ಊರಿನ ಕಲ್ಯಾಣಮಂಟಪಗಳೆಲ್ಲ ಖಾಲಿ ಹೊಡೆಯುತ್ತವೆ. ನಮ್ಮ ಅಯ್ಯನೋರು ಪಂಚಾಂಗ ತಿರುವಿ, ಈಗ ತಪ್ಪಿದರೆ ದೀಪಾವಳಿಯ ಆಚೆಗೇ ಎಂದರು. ಅತ್ತೆಯ ಮುಖ ಸಣ್ಣದಾಯಿತು.

ಆಗ ಸೈಟ್ ಆಫೀಸಿನ ಮ್ಯಾನೇಜರು ತಾನಾಗಿಯೇ ಒಂದು ದಾರಿ ತೋರಿಸಿದ. ಬಿಳಿ ಅಂಗಿ, ಹಣೆಗೆ ಕುಂಕುಮ, ಅರ್ಧ ತೆಲುಗು ಅರ್ಧ ಹಿಂದಿಯಲ್ಲಿ ಬೆಣ್ಣೆಯಂಥ ಮಾತು. ಮುಹೂರ್ತ ಬಿಡಬೇಡಿ ಅಮ್ಮಾ, ಪೂಜೆ ಮಾಡಿ ಹಾಲು ಉಕ್ಕಿಸಿಬಿಡಿ, ಮಿಕ್ಕ ಕೆಲಸ ಹಿಂದೆಯೇ ಮುಗಿಸಿಕೊಡುತ್ತೇವೆ ಎಂದ. "ಕ್ಯಾ ಟೆನ್ಷನ್ ಅಮ್ಮಾ, ಹೋ ಜಾತಾ." ಎಲ್ಲ ಮನೆಯವರೂ ಒಂದೇ ದಿನ ಮಾಡಿಕೊಳ್ಳುವುದಾದರೆ ಶಾಮಿಯಾನ, ಬಾಳೆಕಂಬ, ಆಕಳು, ಊಟ, ಫೋಟೋದವನು ಎಲ್ಲ ಕಂಪನಿಯ ಖರ್ಚು ಎಂದೂ ಸೇರಿಸಿದ.

ನನಗೆ ಸರಿಬರಲಿಲ್ಲ. ಅಡುಗೆಮನೆಯ ಕಟ್ಟೆಯೂ ಆಗಿಲ್ಲ, ಕಿಟಕಿಗೆ ಬಾಗಿಲಿಲ್ಲ, ನಳದ ಜಾಗದಲ್ಲಿ ತೂತು, ಇದಕ್ಕೆಂಥ ಗೃಹಪ್ರವೇಶ ಎಂದು ರೇಗಿದೆ. ಬಾಗಿಲಿಲ್ಲದ ಮನೆಗೆ ಪ್ರವೇಶ ಯಾವ ಕಡೆಯಿಂದ ಅತ್ತಿ, ಕಿಟಕಿಯಿಂದಲೋ ಎಂದು ಚುಚ್ಚಿದೆ ಕೂಡ.

"ಮನಿ ಮುಂದ ಆಗ್ತದ ಬಿಡವಾ. ಮುಹೂರ್ತ ಹೋದ್ರ ತಿರುಗಿ ಬರಂಗಿಲ್ಲ" ಎಂದರು ಅತ್ತೆ. ನಮ್ಮ ಮನೆಯವರು ನನ್ನ ಕಡೆ ನೋಡಿ ಕಣ್ಣಲ್ಲೇ, ಇರಲಿ ಬಿಡು ಎಂದರು. ನಮ್ಮಂಥ ಜನ ಎಡವುವುದು ಇಲ್ಲಿಯೇ ಎಂದು ಈಗ ಅನ್ನಿಸುತ್ತದೆ. ಬಿಲ್ಡರನ ಮಾತಿಗೆ ನಾವು ಅಷ್ಟು ಸುಲಭಕ್ಕೆ ಬೀಳುತ್ತಿರಲಿಲ್ಲ. ಪಂಚಾಂಗದ ಮಾತಿಗೆ ಬಿದ್ದೆವು. ಯಾವ ಮನೆಯವರೂ ಬೇಡ ಎನ್ನಲಿಲ್ಲ.

ಆ ದಿನ ನಿಜಕ್ಕೂ ಚೆಂದವಿತ್ತು, ಸುಳ್ಳು ಹೇಳಬಾರದು. ಪಾರ್ಕಿಂಗಿನಲ್ಲಿ ಆಕಳು ಕರುವನ್ನು ಅಡ್ಡಾಡಿಸಿದರು. ಪ್ರತಿ ಫ್ಲ್ಯಾಟಿಗೂ ಮಾವಿನ ತೋರಣ. ಅತ್ತೆ ಮದುವೆಯ ಇಳಕಲ್ ಸೀರೆ ಉಟ್ಟು, ವಿಭೂತಿ ಹಚ್ಚಿಕೊಂಡು, ಎರಡು ಇಟ್ಟಿಗೆಯ ನಡುವೆ ಕಟ್ಟಿಗೆ ಹಚ್ಚಿ ಹಾಲು ಇಟ್ಟರು. ಹಾಲು ಪೂರ್ವಕ್ಕೆ ಉಕ್ಕಿತು. ಉಕ್ಕಿದ್ದು ನೆಲದ ಮೇಲೆ ಹರಿದು, ನೀರಿನ ಪೈಪಿಗೆಂದು ಬಿಟ್ಟಿದ್ದ ತೂತಿನಲ್ಲಿ ಇಳಿದು, ಕೆಳಗಿನ ಮನೆಯವರ ಪೂಜೆಯ ಮೇಲೆ ಬಿತ್ತು. ಕೆಳಗೆ ಒಬ್ಬ ತೆಲುಗು ಸಾಫ್ಟ್‌ವೇರ್ ಹುಡುಗ, ಅವನ ಹೆಂಡತಿ. ಆತ ಮೆಟ್ಟಿಲು ಹತ್ತಿ ಬಂದು, ಆಂಟಿ, ನಿಮ್ಮ ಹಾಲು ನಮ್ಮ ಗಣಪತಿಗೆ ಅಭಿಷೇಕ ಮಾಡಿತು ಎಂದು ನಕ್ಕ. ಅತ್ತೆ ಅದನ್ನು ಶುಭ ಎಂದೇ ತಗೊಂಡರು. ಫೋಟೋದವನು ಪ್ರತಿ ಮನೆಗೂ ಬಂದು, ಉಕ್ಕುವ ಹಾಲಿನ ಪಕ್ಕ ಮನೆಯವರನ್ನು ನಿಲ್ಲಿಸಿ ತೆಗೆದ. ಅತ್ತೆಯ ಮುಖದಲ್ಲಿ ಅಂಥ ನಗು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಊಟ ಮಾಡಿ, ಕಾಚಿಗುಡದ ಪೋರ್ಷನ್ನಿಗೆ ವಾಪಸು ಬಂದೆವು. ಮರುದಿನ ನೀರಿನ ಪಾಳಿ ಇತ್ತು.

ಮುಂದಿನ ತಿಂಗಳು ನನ್ನ ಸಂಬಳದಿಂದ ಪೂರ್ತಿ ಇಎಂಐ ಕಡಿತವಾಯಿತು. ತಪ್ಪಾಗಿರಬೇಕು ಎಂದು ಅರ್ಧ ದಿನ ರಜೆ ಹಾಕಿ ಬ್ಯಾಂಕಿಗೆ ಹೋದೆ. ಅಲ್ಲಿನ ಅಧಿಕಾರಿ ಒಳ್ಳೆಯ ಮನುಷ್ಯನೇ. ಫೈಲು ತೆಗೆದು ನನ್ನ ಕಡೆ ತಿರುಗಿಸಿದ. ಮನೆ ಮುಗಿದು ಒಪ್ಪಿಸಿದ್ದೇವೆ ಎಂದು ಬಿಲ್ಡರು ಬರೆದಿದ್ದ. ಜೊತೆಗೆ ನಮ್ಮ ಫೋಟೋ, ಅತ್ತೆಯ ನಗು, ಹಾಲಿನ ನೊರೆ.

"ಗೃಹಪ್ರವೇಶ ಆಗಿದೆಯಲ್ಲ ಮೇಡಂ?" ಎಂದ ಆತ. ಕೊನೆಯ ಕಂತು ಆಗಲೇ ಬಿಲ್ಡರನ ಖಾತೆ ಸೇರಿತ್ತು, ನಮ್ಮದೂ, ಬಾಳೆಕಂಬ ಕಟ್ಟಿದ್ದ ಎಲ್ಲ ಮನೆಯವರದೂ. ಬ್ಯಾಂಕಿನಿಂದ ಒಬ್ಬರೂ ಬಂದು ನೋಡಿರಲಿಲ್ಲವೇ ಎಂದು ಕೇಳಿದೆ. ಸಾಲ ಕೊಟ್ಟ ಮನೆಗಳು ಅಷ್ಟೊಂದು, ಎಲ್ಲಿಗೆಂದು ಹೋಗುವುದು, ಫೋಟೋ ಇದ್ದರೆ ಸಾಕು ಅಂತ ಮಾಡಿದ್ದೇವೆ ಎಂದ. ವರಾಂಡಕ್ಕೆ ಬಂದು ಸಾಲ ಕೊಡುವಾಗ ಇವರಿಗೆ ಕಾಲುಗಳಿದ್ದವು.

ಹಣ ಪೂರ್ತಿ ಕೈಸೇರಿದ ಮೇಲೆ ಬಿಲ್ಡರನಿಗೆ ನಮ್ಮಿಂದ ಆಗಬೇಕಾದದ್ದು ಏನಿತ್ತು? ಕೆಲಸ ನಿಂತಿತು. ಅದೇ ಹೊತ್ತಿಗೆ ಎಲ್ಲೋ ಅಮೆರಿಕದಲ್ಲಿ ಬ್ಯಾಂಕುಗಳು ಮುಳುಗಿದವು, ಇಲ್ಲಿ ಐಟಿಯವರ ಕೆಲಸ ಹೋಗತೊಡಗಿತು, ಫ್ಲ್ಯಾಟು ಕೊಳ್ಳುವವರೇ ಇಲ್ಲವಾದರು. ಸೈಟ್ ಆಫೀಸಿಗೆ ಬೀಗ ಬಿತ್ತು. ಬಿಳಿ ಅಂಗಿಯವನು ಮೊದಲು ಫೋನು ಎತ್ತುತ್ತಿರಲಿಲ್ಲ, ಆಮೇಲೆ ಅದು ಹತ್ತುತ್ತಲೇ ಇರಲಿಲ್ಲ. ಲಿಫ್ಟಿಗೆಂದು ತಂದಿಟ್ಟಿದ್ದ ಪೆಟ್ಟಿಗೆಗಳನ್ನು ಒಂದು ದಿನ ಲಾರಿಗೆ ಹಾಕಿಕೊಂಡು ಹೋದರಂತೆ. ಅದನ್ನು ಹೇಳಿದವಳು ಯಾದಗಿರಿಯ ಹೆಣ್ಣುಮಗಳು. ಅವರ ಕೂಲಿಯೂ ಬಾಕಿ ಇತ್ತು, ಅದಕ್ಕೇ ಅವರು ಜಾಗ ಬಿಟ್ಟು ಕದಲಿರಲಿಲ್ಲ.

ನಾವು ಇಎಂಐ ಕಟ್ಟಿದೆವು, ಬಾಡಿಗೆ ಕಟ್ಟಿದೆವು. ಇದರ ಮೇಲೆ ಹೇಳಲು ಏನೂ ಇಲ್ಲ. ದಣಿವು ಒಂದು ದಿನ ಬಂದು ಒಂದು ದಿನ ಹೋಗುವಂಥದ್ದಲ್ಲ, ಅದು ಮನೆಯಲ್ಲೊಬ್ಬ ನೆಂಟ ಉಳಿದುಕೊಂಡಂತೆ ಉಳಿದುಕೊಂಡಿತು. ನಮ್ಮ ಮನೆಯವರು ಸಂಜೆ ಇನ್ನೊಂದು ಅಂಗಡಿಯ ಲೆಕ್ಕ ಬರೆಯಲು ಹಿಡಿದರು. ನಾನು ಹಬ್ಬಕ್ಕೆ ಸೀರೆ ತರುವುದು ಬಿಟ್ಟೆ. ಇಬ್ಬರೂ ಜಗಳ ಆಡುವುದನ್ನೂ ಬಿಟ್ಟೆವು, ಅದಕ್ಕೂ ಶಕ್ತಿ ಬೇಕು.

ಅತ್ತೆ ಮಾತ್ರ ಒಂದು ಪಟ್ಟು ಹಿಡಿದರು. ಹಾಲು ಉಕ್ಕಿದ ಮನೆಯನ್ನು ಕತ್ತಲೆಗೆ ಬಿಡಬಾರದು ಎಂಬುದು ಅವರ ನಂಬಿಕೆ. ಪ್ರತಿ ಶುಕ್ರವಾರ ಎಣ್ಣೆ ಬತ್ತಿ ಚೀಲಕ್ಕೆ ಹಾಕಿಕೊಂಡು, ಮೆಹದಿಪಟ್ನಂನಲ್ಲಿ ಬಸ್ಸು ಬದಲಿಸಿ, ಆ ಕಂಬಿಯಿಲ್ಲದ ಮೆಟ್ಟಿಲು ಹತ್ತಿ ದೀಪ ಹಚ್ಚಿ ಬರುತ್ತಿದ್ದರು. ಬೇಡ ಅತ್ತಿ, ಕಾಲು ಜಾರಿದರೆ ಏನು ಗತಿ ಎಂದರೆ, "ಒಳಗ ಹೋಗೀವಿ, ಈಗ ಹೊಳ್ಳಿ ನೋಡದಂಗ ಹೆಂಗ ಇರೋದು?" ಎನ್ನುತ್ತಿದ್ದರು. ಮಳೆ ಬಂದ ವಾರ ಯಾದಗಿರಿಯವಳು ಹಚ್ಚುತ್ತಿದ್ದಳು. ಕಿಟಕಿಗಳಿಲ್ಲದ ಆ ಕಟ್ಟಡದಲ್ಲಿ ನಾಲ್ಕನೇ ಮಹಡಿಯ ಒಂದು ತೂತಿನಿಂದ ಮಿಣಮಿಣ ಎನ್ನುವ ಬೆಳಕು ರಸ್ತೆಗೆ ಕಾಣುತ್ತಿತ್ತಂತೆ.

ಹಣ ಕಳೆದುಕೊಂಡವರೆಲ್ಲ ಸೇರಿ ಒಂದು ಸಂಘ ಮಾಡಿಕೊಂಡೆವು. ಕೆಳಗಿನ ಮನೆಯ ಸಾಫ್ಟ್‌ವೇರ್ ಹುಡುಗ ಕಾರ್ಯದರ್ಶಿ. ಅವನ ಕೆಲಸ ಹೋಗಿತ್ತು, ಸಮಯ ಇತ್ತು. ಬ್ಯಾಂಕಿಗೆ, ಪೊಲೀಸರಿಗೆ, ಮಂತ್ರಿಗಳ ಮನೆಗೆ ಅಲೆದು ಚಪ್ಪಲಿ ಸವೆಸಿದೆವು. ಬ್ಯಾಂಕಿನವರ ಉತ್ತರ ಎಲ್ಲ ಸಲವೂ ಒಂದೇ. ನೀವೇ ಗೃಹಪ್ರವೇಶ ಮಾಡಿದ್ದೀರಿ. ನಿಮ್ಮಲ್ಲೊಬ್ಬರು ಈಗಲೂ ವಾರಕ್ಕೊಮ್ಮೆ ದೀಪ ಹಚ್ಚುತ್ತಾರೆ. ಮನೆ ನಿಮ್ಮ ವಶದಲ್ಲಿದೆ.

ಆಗೊಂದು ದಿನ ಪೇಪರಿನಲ್ಲಿ ಬಂತು. ಬಿಲ್ಡರುಗಳಿಗೆ ಕೊಟ್ಟ ಸಾಲ ಮುಳುಗಿ ಬ್ಯಾಂಕುಗಳಲ್ಲಿ ತೂತು ಬಿದ್ದಿದೆ, ಸರಕಾರ ತನ್ನ ಬೊಕ್ಕಸದಿಂದ ಅದನ್ನು ತುಂಬಲಿದೆ. ನಮ್ಮ ಬಿಲ್ಡರನೂ ಅದೇ ಬ್ಯಾಂಕಿನಲ್ಲಿ ಬೇರೆ ಸಾಲ ಎತ್ತಿ ಮುಳುಗಿಸಿದ್ದ. ನಮ್ಮ ಮನೆಯವರು ಪೇಪರು ಮಡಚಿಟ್ಟು, ಜೋರು ಮಾಡದೆಯೇ ಹೇಳಿದರು.

"ಇಎಂಐ ನಮ್ದು, ಬಾಡಿಗಿ ನಮ್ದು. ಈಗ ಅಂವ ಮುಳುಗಿಸಿದ್ದು ತುಂಬಾಕ ಹೊಂಟದ್ದೂ ನಮ್ಮ ಟ್ಯಾಕ್ಸ. ಒಂದ ಮನಿಗೆ ಎಷ್ಟು ಸಲ ರೊಕ್ಕ ಕೊಡೋದು ನಾವು?"

ಅದರ ಜೊತೆಗೇ ಇನ್ನೊಂದು ಸುದ್ದಿಯಿತ್ತು. ಮನೆ ಸಾಲದ ನಿಯಮಗಳನ್ನು ಬದಲಿಸಲು ಒಂದು ಸಮಿತಿ ಮಾಡಿದ್ದಾರೆ, ಅದು ಹೈದರಾಬಾದಿಗೂ ಬಂದು ಜನರ ಅಹವಾಲು ಕೇಳುತ್ತದೆ ಎಂದು. ನಮ್ಮ ಸಂಘಕ್ಕೂ ಸ್ವಲ್ಪ ಹೊತ್ತು ಸಿಕ್ಕಿತು. ಸರಕಾರಿ ಭಾಷೆ ನನಗೆ ಬರುತ್ತದೆಂದು ಮಾತಾಡುವ ಕೆಲಸ ನನಗೆ ಬಿತ್ತು. ಆದರೆ ಬ್ಯಾಂಕಿನವರು ಅಲ್ಲಿಗೂ ಫೋಟೋ ತರುತ್ತಾರೆ ಎಂಬುದು ಕಾರ್ಯದರ್ಶಿಗೆ ಗೊತ್ತಿತ್ತು. ಹಿಂದಿನ ದಿನ ಸಂಜೆ ನಮ್ಮ ಪೋರ್ಷನ್ನಿಗೆ ಬಂದು ಕೂತ. ಅಮ್ಮನವರು ಬಂದು, ಅದು ಗೃಹಪ್ರವೇಶ ಅಲ್ಲ, ಬರೀ ಒಂದು ಪೂಜೆ ಎಂದುಬಿಟ್ಟರೆ ಸಾಕು, ಬ್ಯಾಂಕಿನ ವಾದ ಬಿದ್ದುಹೋಗುತ್ತದೆ ಎಂದ. ನಾನು ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದೆ.

ಅತ್ತೆ ಅಕ್ಕಿ ಆರಿಸುತ್ತಿದ್ದ ಮೊರವನ್ನು ಪಕ್ಕಕ್ಕಿಟ್ಟರು. "ದೇವರ ಮುಂದ ಉಕ್ಕಿಸಿದ ಹಾಲು ಸುಳ್ಳ ಅಂತ ನಾ ಹೆಂಗ ಹೇಳಲಿ? ಶುಕ್ರವಾರ ನಾ ಹಚ್ಚೋ ದೀಪಾನೂ ಸುಳ್ಳ ಅಂತೀರೇನು?" ಎಂದರು. ಹುಡುಗನಿಗೆ ಅರ್ಥವಾಗಲಿಲ್ಲ, ನಾನು ಅನುವಾದ ಮಾಡಲಿಲ್ಲ. ಅಮ್ಮ ಬರುತ್ತಾರೋ ಇಲ್ಲವೋ ಎಂದಷ್ಟೇ ಕೇಳಿದ. "ಬರ್ತೀನಿ" ಎಂದರು ಅತ್ತೆ. ಏನು ಹೇಳುತ್ತೇನೆ ಎಂದು ಹೇಳಲಿಲ್ಲ.

ಸಮಿತಿ ಕೂತಿದ್ದು ದೊಡ್ಡದೊಂದು ಸರಕಾರಿ ಅತಿಥಿಗೃಹದ ಸಭಾಂಗಣದಲ್ಲಿ. ಅಧ್ಯಕ್ಷರು ನಿವೃತ್ತ ಅಧಿಕಾರಿ, ಫ್ಲಾಸ್ಕಿನಿಂದ ಬಿಸಿನೀರು ಸುರಿದುಕೊಂಡು ಗುಟುಕರಿಸುತ್ತ ಕೇಳುತ್ತಿದ್ದರು. ನಮ್ಮ ಸರದಿ ಬಂದಾಗ ನಾನು ಹೇಳಬೇಕಾದದ್ದನ್ನು ಹೇಳಿದೆ. ಬ್ಯಾಂಕಿನ ಎಂಜಿನಿಯರು ಮನೆಯೊಳಗೆ ಕಾಲಿಟ್ಟು ನೋಡುವವರೆಗೆ ಬಿಲ್ಡರನಿಗೆ ಹಣ ಹೋಗಬಾರದು. ಕೀಲಿ ಕೈಗೆ ಬರುವವರೆಗೆ ಕೊಂಡವರ ಮೇಲೆ ಪೂರ್ತಿ ಇಎಂಐ ಹೇರಬಾರದು. ಅಧ್ಯಕ್ಷರು ತಲೆಯೆತ್ತಿ, ಹಾಗಾದರೆ ಮುಳುಗಿದ ಹಣ ಯಾರು ಹೊರಬೇಕು ಅನ್ನುತ್ತೀರಿ ಎಂದು ಕೇಳಿದರು. ನೋಡದೆ ಕೊಟ್ಟವರು ಹೊರಬೇಕು ಎಂದೆ. ಕೊಂಡವರೂ ಅಲ್ಲ, ತೆರಿಗೆ ಕಟ್ಟುವವರೂ ಅಲ್ಲ, ಯಾಕೆಂದರೆ ಅವರಿಬ್ಬರೂ ಹೆಚ್ಚುಕಮ್ಮಿ ಒಂದೇ ಜನ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಾನು ನಗಿಸಲು ಹೇಳಿರಲಿಲ್ಲ.

ಆಮೇಲೆ ಬ್ಯಾಂಕಿನ ಪರವಾಗಿ ಬಂದವರು ಎದ್ದರು. ಗೋಡೆಯ ಪರದೆಯ ಮೇಲೆ ಅತ್ತೆಯ ಮುಖ ಬಿತ್ತು, ಗೋಡೆಯಷ್ಟು ದೊಡ್ಡದಾಗಿ. ಅದೇ ನಗು. ಅತ್ತೆ ಕುರ್ಚಿಯಲ್ಲೇ ಹಿಂದೆ ಸರಿದು ಸೆರಗು ಸರಿಮಾಡಿಕೊಂಡರು. ಮನೆಯವರೇ ಸಂತೋಷದಿಂದ ಹಾಲು ಉಕ್ಕಿಸಿದ್ದಾರೆ, ಮನೆ ಮುಗಿದಿಲ್ಲವೆಂದು ಬ್ಯಾಂಕಿಗೆ ಹೇಗೆ ತಿಳಿಯಬೇಕು ಎಂದು ಅವರು ಕೇಳಿದರು. ಅಧ್ಯಕ್ಷರು ಪರದೆ ನೋಡಿ, ಅತ್ತೆಯನ್ನು ನೋಡಿ, ಇದು ನೀವೇ ಅಲ್ಲವೇ ಅಮ್ಮಾ, ಇದು ಗೃಹಪ್ರವೇಶವೇ ಎಂದು ಹಿಂದಿಯಲ್ಲಿ ಕೇಳಿದರು. ಅತ್ತೆ ಎದ್ದು ನಿಂತರು. ಮೈಕು ಕೊಟ್ಟರೆ ಹಿಡಿಯಲಿಲ್ಲ.

"ನಾನ ರೀ ಅದು. ಗೃಹಪ್ರವೇಶಾನ ಮಾಡೀನಿ, ಸುಳ್ಳ ಹೇಳಂಗಿಲ್ಲ. ದೇವರಿಗೆ ಗೊತ್ತೈತಿ." ಕಾರ್ಯದರ್ಶಿಗೆ ಕನ್ನಡ ಬಾರದಿದ್ದರೂ ಗೃಹಪ್ರವೇಶ ಎಂಬ ಶಬ್ದ ಅರ್ಥವಾಯಿತು, ತಲೆ ಕೈಯಲ್ಲಿ ಹಿಡಿದುಕೊಂಡ. ಅತ್ತೆ ಮುಂದುವರಿಸಿದರು. "ಆದ್ರ ದೇವರು ಸಾಲ ಕೊಟ್ಟಿಲ್ಲಲ್ಲರಿ. ನೀವು ಕೊಟ್ಟೀರಿ. ದೇವರಿಗೆ ನನ್ನ ಹಾಲು ಸಾಕಾತು. ನಿಮಗ ಅದು ಸಾಕಾಗಬಾರದಿತ್ತು. ನೀವು ಬಂದು ನಳ ತಿರುವಿ ನೋಡಬೇಕಿತ್ತು."

ನಾನು ಅದನ್ನು ಹಿಂದಿಯಲ್ಲಿ ಹೇಳಿದೆ. ನಾನು ಬರೆದುಕೊಂಡು ಬಂದ ಹಾಳೆಗಳಲ್ಲಿ ಇದು ಇರಲಿಲ್ಲ. ಅಧ್ಯಕ್ಷರು ಫ್ಲಾಸ್ಕಿನ ಮುಚ್ಚಳ ಕೆಳಗಿಟ್ಟರು. ಹಾಗಾದರೆ ಅಮ್ಮಾ, ಈಗ ಅದು ನಿಮ್ಮ ಮನೆಯೋ ಅಲ್ಲವೋ ಎಂದು ಕೇಳಿದರು. ಅವರು ಮೃದುವಾಗಿಯೇ ಕೇಳಿದ್ದು. ಅತ್ತೆ ಪರದೆಯ ಮೇಲಿನ ತಮ್ಮ ನಗುವನ್ನೇ ನೋಡುತ್ತ ನಿಂತರು.

"ಇನ್ನಾ ಆಗಿಲ್ಲರಿ" ಎಂದು ಕೂತುಬಿಟ್ಟರು.

ಹೊರಗೆ ಬಂದು ಬಸ್ಸಿಗೆ ಕಾಯುವಾಗ ಅತ್ತೆ ಅತ್ತರು. ಎಲ್ಲರೆದುರು, ಸೆರಗು ಬಾಯಿಗೆ ಒತ್ತಿಕೊಂಡು. ಅಷ್ಟು ದಿನ ತಾವು ಒಳಗೆ ಹೋದ ಮನೆಯೊಂದಿದೆ ಎಂದು ಅವರು ಹಿಡಿದುಕೊಂಡಿದ್ದರು. ಅದನ್ನು ತಮ್ಮ ಬಾಯಿಂದಲೇ ಬಿಟ್ಟುಕೊಟ್ಟಿದ್ದರು. ಆ ಶುಕ್ರವಾರ ಅವರು ದೀಪ ಹಚ್ಚಲು ಹೋಗಲಿಲ್ಲ. ಅದರ ಮುಂದಿನ ಶುಕ್ರವಾರವೂ. ನಾನು ಅವರ ಪಕ್ಕದಲ್ಲಿ ಕೂತು ಸೊಪ್ಪು ಸೋಸುತ್ತಿದ್ದೆ.

ಸಮಿತಿ ವರದಿ ಕೊಟ್ಟಿತು. ವರದಿ ಯಾವುದೋ ಮೇಜಿನಿಂದ ಯಾವುದೋ ಮೇಜಿಗೆ ಹೋಯಿತು. ಕಚೇರಿಯಲ್ಲಿ ಜೀವ ಸವೆಸಿದವಳು ನಾನು, ಫೈಲು ಎಷ್ಟು ನಿಧಾನ ನಡೆಯುತ್ತದೆ ಎಂದು ನನಗೆ ಯಾರೂ ಹೇಳಬೇಕಾಗಿಲ್ಲ. ಕೊನೆಗೆ ನಿಯಮ ಬಂತು. ನಾವು ಕೇಳಿದ್ದು ಪೂರ್ತಿ ಬರಲಿಲ್ಲ, ಆದರೆ ಎಂಜಿನಿಯರು ಒಳಗೆ ಹೋಗಿ ನೋಡದೆ ಕೊನೆಯ ಹಣ ಬಿಡಬಾರದು ಎಂಬುದು ಬಂತು. ನಮ್ಮ ಬ್ಯಾಂಕೂ ಮಾತುಕತೆಗೆ ಇಳಿಯಿತು. ನೋಡದೆ ಬಿಟ್ಟ ಆ ಕಂತನ್ನು ನಮ್ಮ ಲೆಕ್ಕದಿಂದ ತೆಗೆದು, ಬಿಲ್ಡರನಿಂದ ವಸೂಲು ಮಾಡುವುದು ತನ್ನ ಕೆಲಸ ಎಂದು ಒಪ್ಪಿಕೊಂಡಿತು. ಅಷ್ಟೇ ಹಣವನ್ನು ಕಟ್ಟಡ ಮುಗಿಸಲು ಸಂಘದ ಹೆಸರಿನಲ್ಲಿ ಹೊಸ ಸಾಲವಾಗಿ ಕೊಡುವುದಾಗಿ ಹೇಳಿತು, ಆದರೆ ಪ್ರತಿ ಪೈಸೆಯೂ ಎಂಜಿನಿಯರು ನೋಡಿದ ಮೇಲೆ. ಬಿಲ್ಡರನಿಂದ ಏನೂ ವಸೂಲಾಗಲಿಲ್ಲ. ಆ ನಷ್ಟ ನಮ್ಮ ತಲೆಯಿಂದ ಇಳಿದು ಎಲ್ಲರ ತಲೆಯ ಮೇಲೆ ಕೂತಿತು. ಎಲ್ಲರಲ್ಲಿ ನಾನೂ ಒಬ್ಬಳು, ಆ ತಿಂಗಳೂ ನನ್ನ ಸಂಬಳದಲ್ಲಿ ಟ್ಯಾಕ್ಸ್ ಮುರಿದುಕೊಂಡಿದ್ದರು. ಗೆದ್ದೆವು ಎಂದು ಕಾರ್ಯದರ್ಶಿ ಪೇಢೆ ಹಂಚಿದ. ತಿಂದೆ.

ಕೆಲಸ ತೆವಳುತ್ತ ಸಾಗಿತು. ಯಾದಗಿರಿಯ ಗಂಡ ಹೆಂಡತಿ ಈಗ ಸಂಘದ ಕೂಲಿಗೆ ಗಾರೆ ಕಲಸಿದರು. ಕಿಟಕಿ ಬಂದವು, ಮೆಟ್ಟಿಲಿಗೆ ಕಂಬಿ ಬಂತು. ಅಡುಗೆಮನೆಯ ತೂತಿಗೆ ಪೈಪು ಇಳಿಯಿತು. ಎಲ್ಲ ಮುಗಿಯುವ ಹೊತ್ತಿಗೆ, ನಮ್ಮ ಹಣೆಬರಹವೋ ಏನೋ, ಮತ್ತೆ ಆಷಾಢ ಬಾಗಿಲಲ್ಲಿತ್ತು. ಅಯ್ಯನೋರು ಪಂಚಾಂಗ ನೋಡಿ, ಬುಧವಾರ ಒಂದು ಮುಹೂರ್ತ ಇದೆ, ಅದೇ ಕೊನೆಯದು ಎಂದರು. ಬ್ಯಾಂಕಿನ ಎಂಜಿನಿಯರು ಬರುವುದು ಆಷಾಢ ಶುರುವಾದ ಮೇಲೆ. ಕೀಲಿ ಸಂಘದ ಕೈಯಲ್ಲೇ ಇತ್ತು, ಯಾರೂ ತಡೆಯುವವರಿರಲಿಲ್ಲ. ಕೆಲವು ಮನೆಯವರು ಆಗಲೇ ಬಾಳೆಕಂಬಕ್ಕೆ ಹೇಳಿದ್ದರು. ಎಂಜಿನಿಯರಿಗೆ ಕಾಯುವ ಈ ಹೊಸ ನಿಯಮ ಮಾಡಿದವರಿಗೆ ಬುದ್ಧಿ ಇಲ್ಲ ಎಂದು ಮೆಟ್ಟಿಲಲ್ಲಿ ನಿಂತು ಬೈಯುತ್ತಿದ್ದವರು ನಮ್ಮ ಸಂಘದವರೇ.

"ಅವ್ವಾ, ಬುಧವಾರ ಮುಗಿಸಿಬಿಡೋಣು. ಸಾಕಾಗೇತಿ ನನಗ" ಎಂದರು ನಮ್ಮ ಮನೆಯವರು. ಅವರ ಕೂದಲು ಅಷ್ಟರಲ್ಲಿ ಪೂರ್ತಿ ಬೆಳ್ಳಗಾಗಿತ್ತು.

"ಮೊದ್ಲ ಅಂವ ಬಂದು ನಳ ತಿರುವಿ ನೋಡ್ಲಿ" ಎಂದರು ಅತ್ತೆ. ಬುಧವಾರ ಬಂದು ಹೋಯಿತು. ಕೆಲವರು ಹಾಲು ಉಕ್ಕಿಸಿಕೊಂಡರು, ಮಿಕ್ಕವರು ಶ್ರಾವಣಕ್ಕೆ ಮುಂದೂಡಿದರು.

ಎಂಜಿನಿಯರು ಚಿಕ್ಕ ವಯಸ್ಸಿನ ಹುಡುಗಿ, ಭುಜಕ್ಕೆ ಚೀಲ. ಕೋಣೆ ಕೋಣೆ ನೋಡಿ, ಅಡುಗೆಮನೆಗೆ ಬಂದು ನಳ ತಿರುವಿದಳು. ಮೊದಲು ಗಾಳಿ ಬುಸುಗುಟ್ಟಿತು, ಆಮೇಲೆ ಕೆಂಪು ನೀರು, ಆಮೇಲೆ ತಿಳಿ ನೀರು. ಆಕೆ ನಳ ಬಂದ್ ಮಾಡಿ ಸಹಿ ಹಾಕಿ ಮುಂದಿನ ಫ್ಲ್ಯಾಟಿಗೆ ಹೋದಳು. ಅತ್ತೆ ಬಾಗಿಲ ಹೊರಗೇ ನಿಂತು ಎಲ್ಲ ನೋಡಿದರು, ಒಳಗೆ ಬರಲಿಲ್ಲ.

"ನಾಳೆ ಸಾಮಾನು ತರೋಣ" ಎಂದರು ನನಗೆ.

"ಅತ್ತಿ, ಆಷಾಢ ಐತ್ರಿ" ಎಂದೆ.

"ಗೊತ್ತೈತಿ" ಎಂದರು.

ಅಯ್ಯನೋರು ಬರಲು ಒಪ್ಪಲಿಲ್ಲ. ನೆಂಟರಿಗೆ ಹೇಳಲು ನಮಗೇ ಸ್ವಲ್ಪ ಅಳುಕಾಯಿತು. ಮರುದಿನ ಒಂದು ಟೆಂಪೋ, ನಾವು ಮೂವರು, ಮೆಟ್ಟಿಲಲ್ಲಿ ಅತ್ತೆಯ ಕೈ ಹಿಡಿದ ಯಾದಗಿರಿಯವಳು, ಇಷ್ಟೇ ಮೆರವಣಿಗೆ. ಅತ್ತೆ ಬಲಗಾಲಿಟ್ಟು ಒಳಗೆ ಬಂದವರು ದೇವರ ಮೂಲೆಯ ಕಡೆಗೂ ನೋಡದೆ ನೇರ ಅಡುಗೆಮನೆಗೆ ಹೋದರು. ತಂಬಿಗೆ ಕೊಡು ಎಂದು ಕೈಚಾಚಿದರು. ನಳ ತಿರುವಿದರು. ತುಂಬಿದ ತಂಬಿಗೆಯನ್ನು ಎತ್ತಿ ಅರ್ಧ ಕುಡಿದು, ಅರ್ಧ ನನಗೆ ಕೊಟ್ಟರು. ನೀರು ಸಿಮೆಂಟಿನ ವಾಸನೆ ಹೊಡೆಯುತ್ತಿತ್ತು. ಪೂರ್ತಿ ಕುಡಿದೆ.

ನಾನು ಗ್ಯಾಸು ಹಚ್ಚಿ, ಶಾಸ್ತ್ರಕ್ಕೆ ಬೇಕಲ್ಲ ಎಂದು ಹಾಲು ಇಟ್ಟೆ. ನಮ್ಮ ಮನೆಯವರು ಫೋನು ತೆಗೆದು ಫೋಟೋಕ್ಕೆ ಹಿಡಿದರು. ಹಾಲು ನೊರೆಯೆದ್ದು ಪಾತ್ರೆಯ ಅಂಚಿಗೆ ಬರುತ್ತಿದ್ದಂತೆ ಅತ್ತೆ ನನ್ನ ಭುಜದ ಮೇಲಿಂದ ಕೈ ಹಾಕಿ ಗ್ಯಾಸು ಸಣ್ಣ ಮಾಡಿದರು.

"ಉಕ್ಕೋದು ಬ್ಯಾಡವಾ, ಒಮ್ಮಿ ಉಕ್ಕೇತಿ. ಚಹಾಪುಡಿ ಹಾಕು."